ಬಾಯಿಮಾತಿನಿಂದ ಬರಹಕ್ಕೆ: ನೌಕರರ ಮತ್ತು ಉಪಗುತ್ತಿಗೆದಾರರ ಒಪ್ಪಂದಗಳಿಂದ ಸಣ್ಣ ಉದ್ಯಮವನ್ನು ಕಾಪಾಡಿಕೊಳ್ಳುವ ಬಗೆ

ಸಣ್ಣ ಉದ್ಯಮದಲ್ಲಿ ಹೆಚ್ಚಿನ ಕೆಲಸಗಳು ಬಾಯಿಮಾತಿನ ಮೇಲೆಯೇ ಶುರುವಾಗುತ್ತವೆ. ಪರಿಚಯದವರು ಒಬ್ಬರನ್ನು ಕಳುಹಿಸುತ್ತಾರೆ, ಅವರ ಕೈಕೆಲಸ ಹಿಡಿಸುತ್ತದೆ, ಸಂಬಳವೋ ಗುತ್ತಿಗೆಯ ಮೊತ್ತವೋ ಇಷ್ಟು ಎಂದು ಮಾತಾಗುತ್ತದೆ, ಮರುದಿನವೇ ಕೆಲಸ ಆರಂಭವಾಗುತ್ತದೆ. ಎಲ್ಲವೂ ಸುಸೂತ್ರವಾಗಿ ಸಾಗುವಷ್ಟು ದಿನ ಕಾಗದದ ಅಗತ್ಯ ಯಾರಿಗೂ ಕಾಣುವುದಿಲ್ಲ. ಕೆಲಸ ತಡವಾದಾಗ, ಗ್ರಾಹಕರು ಹಣ ತಡೆಹಿಡಿದಾಗ, ನಂಬಿದ ನೌಕರರು ಗ್ರಾಹಕರ ಪಟ್ಟಿಯನ್ನೇ ಕೊಂಡೊಯ್ದಾಗ, ಅಥವಾ ಕೆಲಸದ ಜಾಗದಲ್ಲಿ ಯಾರಿಗೋ ಪೆಟ್ಟಾದಾಗ ಮಾತ್ರ 'ಅಂದು ಏನು ಮಾತಾಗಿತ್ತು' ಎಂಬ ಪ್ರಶ್ನೆ ಏಳುತ್ತದೆ. ಅಷ್ಟರಲ್ಲಿ ಇಬ್ಬರ ನೆನಪೂ ತಂತಮ್ಮ ಕಡೆಗೇ ವಾಲಿರುತ್ತದೆ. ದೊಡ್ಡ ಕಂಪನಿಗಳು ಇಂಥ ಹೊಡೆತವನ್ನು ತಾಳಿಕೊಳ್ಳುತ್ತವೆ. ಐದಾರು ಜನರ ಉದ್ಯಮಕ್ಕಾದರೆ ಒಂದೇ ಒಂದು ವ್ಯಾಜ್ಯ ವರ್ಷದ ದುಡಿಮೆಯನ್ನೆಲ್ಲ ನುಂಗಿಬಿಡಬಲ್ಲದು.

ಒಪ್ಪಂದವೊಂದು ನಿಮ್ಮನ್ನು ಕಾಪಾಡುವುದು ಅದರಲ್ಲಿ ಬರೆದದ್ದೂ ನಿತ್ಯ ನಡೆಯುವುದೂ ಒಂದೇ ಆಗಿದ್ದಾಗ. ಬೇರೆ ಯಾರದೋ ನಮೂನೆಯನ್ನು ನಕಲು ಮಾಡಿ, ಹೆಸರು ಮಾತ್ರ ಬದಲಿಸಿ ಸಹಿ ಹಾಕಿಸಿಕೊಂಡ ಕಾಗದ ನ್ಯಾಯಾಲಯದ ಮುಂದೆ ಬಂದಾಗ ಹಲವೊಮ್ಮೆ ಬರೆಸಿಕೊಂಡವರ ಕೈಯನ್ನೇ ಕಟ್ಟಿಹಾಕುತ್ತದೆ. ಹಾಗಾಗಿ ಮುಂದಿನ ಹೆಜ್ಜೆಗಳನ್ನು, ಕೆಲಸವನ್ನು ನಿಜವಾಗಿ ಯಾರು, ಹೇಗೆ, ಯಾವ ಷರತ್ತಿನ ಮೇಲೆ ಮಾಡುತ್ತಾರೆ ಎಂಬುದನ್ನು ಮೊದಲು ಗಮನಿಸಿ, ಆಮೇಲೆ ಬರೆಯುವ ಕ್ರಮದಲ್ಲಿ ಕೊಟ್ಟಿದ್ದೇನೆ. ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಭಾರತ, ಬ್ರಿಟನ್, ಅಮೆರಿಕಗಳ ಉದಾಹರಣೆಗಳು ಇಲ್ಲಿ ಬರುವುದು ತೊಡಕು ಎಲ್ಲಿ ಹುಟ್ಟುತ್ತದೆ ಎಂದು ತೋರಿಸುವುದಕ್ಕಾಗಿ. ಕೊನೆಯ ಕರಡನ್ನು ನಿಮ್ಮ ಊರಿನ ಕಾನೂನು ಬಲ್ಲ ವಕೀಲರಿಗೆ ಒಮ್ಮೆ ತೋರಿಸಲೇಬೇಕು. ಆದರೆ ಅವರ ಬಳಿಗೆ ಖಾಲಿ ಕೈಯಲ್ಲಿ ಹೋಗುವ ಬದಲು, ಇಲ್ಲಿನ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಹೋದರೆ ಸಮಯವೂ ಉಳಿಯುತ್ತದೆ, ಶುಲ್ಕವೂ ಉಳಿಯುತ್ತದೆ.

ಮೊದಲ ಹೆಜ್ಜೆ: ಅವರು ನೌಕರರೋ ಉಪಗುತ್ತಿಗೆದಾರರೋ ಎಂದು ಪ್ರಾಮಾಣಿಕವಾಗಿ ನಿರ್ಧರಿಸಿ

ಎಲ್ಲ ಒಪ್ಪಂದಗಳ ಬೇರು ಇಲ್ಲಿದೆ. ಹಲವು ಮಾಲೀಕರು ಭವಿಷ್ಯನಿಧಿ, ವಿಮೆ, ರಜೆಗಳ ಹೊರೆ ತಪ್ಪಲೆಂದು ನಿತ್ಯ ಬಂದು ದುಡಿಯುವವರನ್ನೂ ಕಾಗದದ ಮೇಲೆ 'ಸ್ವತಂತ್ರ ಗುತ್ತಿಗೆದಾರರು' ಎಂದು ಕರೆಯುತ್ತಾರೆ. ಹಾಗೆ ಹೆಸರಿಟ್ಟ ಮಾತ್ರಕ್ಕೆ ಅವರು ಗುತ್ತಿಗೆದಾರರಾಗುವುದಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರ ಪ್ರಕರಣದಲ್ಲಿ ಇದನ್ನು ನೇರವಾಗಿಯೇ ಹೇಳಿತು: ಒಪ್ಪಂದದಲ್ಲಿ ಏನು ಬರೆದಿದೆ ಎಂಬಲ್ಲಿಂದ ವಿಚಾರ ಆರಂಭವಾಗಬಾರದು, ದುಡಿಯುವವರ ರಕ್ಷಣೆಗೆಂದು ಮಾಡಿದ ಕಾನೂನು ಏನು ಹೇಳುತ್ತದೆ ಮತ್ತು ಕೆಲಸ ನಿಜವಾಗಿ ಹೇಗೆ ನಡೆಯುತ್ತಿತ್ತು ಎಂಬಲ್ಲಿಂದ ಆರಂಭವಾಗಬೇಕು. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿದೆ. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಒಪ್ಪಿಕೊಂಡ, 2020ರ ಜನವರಿ 1ರಿಂದ ಕಾಯ್ದೆಯಾಗಿಯೂ ಜಾರಿಗೆ ಬಂದ ಪರೀಕ್ಷೆಯ ಪ್ರಕಾರ ದುಡಿಯುವವರನ್ನು ಮೊದಲು ನೌಕರರೆಂದೇ ಭಾವಿಸಲಾಗುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ಮಾಲೀಕರದು. ಅವರ ಕೆಲಸದ ರೀತಿಯ ಮೇಲೆ ತನಗೆ ಹಿಡಿತವಿಲ್ಲ, ಆ ಕೆಲಸ ತನ್ನ ವ್ಯವಹಾರದ ಎಂದಿನ ಕೆಲಸಗಳಲ್ಲಿ ಸೇರಿದ್ದಲ್ಲ, ಅವರಿಗೆ ತಮ್ಮದೇ ಆದ ಸ್ವತಂತ್ರ ಕಸುಬು ಇದೆ ಎಂಬ ಮೂರನ್ನೂ ಮಾಲೀಕರು ಸಾಬೀತುಪಡಿಸಬೇಕು.

ನಿಮ್ಮ ಬಳಿ ದುಡಿಯುವ ಪ್ರತಿಯೊಬ್ಬರ ಬಗ್ಗೆಯೂ ಒಂದು ಹಾಳೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಕೆಲಸದ ವೇಳೆಯನ್ನು ನಿರ್ಧರಿಸುವವರು ಯಾರು? ಉಪಕರಣ ಯಾರದು? ಅವರು ತಮ್ಮ ಬದಲಿಗೆ ಇನ್ನೊಬ್ಬರನ್ನು ಕಳುಹಿಸಬಹುದೇ? ಬೇರೆಯವರ ಕೆಲಸವನ್ನೂ ಅದೇ ತಿಂಗಳು ಮಾಡುತ್ತಾರೆಯೇ? ಕೆಲಸ ಕೆಟ್ಟರೆ ಸ್ವಂತ ಖರ್ಚಿನಲ್ಲಿ ಸರಿಪಡಿಸುತ್ತಾರೆಯೇ, ಅಥವಾ ಆ ದಿನದ ಸಂಬಳವೂ ಅವರಿಗೆ ಸಲ್ಲುತ್ತದೆಯೇ? ವೇಳೆ ನಿಮ್ಮದು, ಉಪಕರಣ ನಿಮ್ಮದು, ಮೇಲ್ವಿಚಾರಣೆ ನಿಮ್ಮದು, ಆದಾಯದ ಮೂಲವೂ ನೀವೊಬ್ಬರೇ ಎಂದಾದರೆ ಅವರು ನೌಕರರು. ನೌಕರರ ಒಪ್ಪಂದವನ್ನೇ ಬರೆಯಿರಿ. ಮೊದಲೇ ನೌಕರರೆಂದು ಒಪ್ಪಿಕೊಂಡು ಭರಿಸುವ ಖರ್ಚಿನ ಲೆಕ್ಕ ನಿಮಗೆ ಗೊತ್ತಿರುತ್ತದೆ. ವರ್ಷಗಳ ನಂತರ ಬಾಕಿ ವಂತಿಗೆ, ಬಡ್ಡಿ, ದಂಡಗಳನ್ನು ಒಟ್ಟಿಗೆ ಕಟ್ಟಬೇಕಾಗಿ ಬಂದರೆ ಆ ಲೆಕ್ಕ ಯಾರ ಅಂದಾಜಿಗೂ ಸಿಗುವುದಿಲ್ಲ.

ಎರಡನೇ ಹೆಜ್ಜೆ: ಕೆಲಸವನ್ನು ಮೂರನೆಯವರೂ ಅರ್ಥಮಾಡಿಕೊಳ್ಳುವಂತೆ ಬರೆಯಿರಿ

ಒಪ್ಪಂದದ ಅತ್ಯಂತ ಬೆಲೆಬಾಳುವ ಭಾಗ ಕಾನೂನಿನ ಭಾಷೆಯಲ್ಲಿ ಇರುವುದಿಲ್ಲ, ಕೆಲಸದ ವಿವರಣೆಯಲ್ಲಿ ಇರುತ್ತದೆ. 'ಕಟ್ಟಡಕ್ಕೆ ಬಣ್ಣ ಹೊಡೆಯುವುದು' ಎಂದಷ್ಟೇ ಬರೆದ ಉಪಗುತ್ತಿಗೆಯನ್ನು ನೋಡಿ. ಒಳಗೋಡೆ ಮಾತ್ರವೋ ಹೊರಗೋಡೆಯೂ ಸೇರಿದೆಯೋ ತಿಳಿಯುವುದಿಲ್ಲ. ಬಿರುಕುಗಳಿಗೆ ಪುಟ್ಟಿ ತುಂಬುವುದು, ಹಳೆಯ ಬಣ್ಣ ಕೆರೆಯುವುದು, ಪ್ರೈಮರ್ ಬಳಿಯುವುದು ಯಾರ ಪಾಲಿಗೆ ಎಂಬುದಿಲ್ಲ. ಎಷ್ಟು ಕೋಟ್, ಯಾವ ದರ್ಜೆಯ ಬಣ್ಣ, ಬಣ್ಣ ತರುವವರು ಯಾರು, ಸಾರುವೆ ಕಟ್ಟುವವರು ಯಾರು, ನೆಲಕ್ಕೆ ಬಿದ್ದ ಬಣ್ಣವನ್ನು ಒರೆಸುವವರು ಯಾರು ಎಂಬ ಒಂದೊಂದು ಪ್ರಶ್ನೆಯೂ ಕೊನೆಯ ಬಿಲ್ಲಿನ ದಿನ ಒಂದೊಂದು ಜಗಳವಾಗಿ ಎದ್ದುನಿಲ್ಲುತ್ತದೆ. ಅದನ್ನೇ ಹೀಗೆ ಬರೆಯಬಹುದು: 'ಮೂರು ಮಹಡಿಗಳ ಒಳಗೋಡೆ ಮತ್ತು ಒಳಛಾವಣಿಗೆ, ಮೇಲ್ಮೈ ಉಜ್ಜಿ, ಬಿರುಕುಗಳಿಗೆ ಪುಟ್ಟಿ ತುಂಬಿ, ಒಂದು ಕೋಟ್ ಪ್ರೈಮರ್ ಮತ್ತು ಎರಡು ಕೋಟ್ ಎಮಲ್ಷನ್ ಬಣ್ಣ ಬಳಿಯುವುದು, ಬಣ್ಣ ಮತ್ತು ಪ್ರೈಮರ್ ಮಾಲೀಕರದು, ಪುಟ್ಟಿ, ಉಪಕರಣ, ಸಾರುವೆ ಮತ್ತು ಸ್ವಚ್ಛತೆ ಗುತ್ತಿಗೆದಾರರದು, ಗೋಡೆ ಒದ್ದೆಯಾಗಿದ್ದು ಕೆಲಸ ನಿಲ್ಲಿಸಬೇಕಾಗಿ ಬಂದರೆ ಅದೇ ದಿನ ಲಿಖಿತವಾಗಿ ತಿಳಿಸಿದಲ್ಲಿ ಅಷ್ಟು ದಿನಗಳನ್ನು ಅವಧಿಗೆ ಸೇರಿಸಲಾಗುವುದು.' ಇದನ್ನು ಬರೆಯಲು ವಕೀಲರು ಬೇಕಿಲ್ಲ, ಕೆಲಸ ಗೊತ್ತಿದ್ದವರು ಬೇಕು. ಈ ಭಾಗವನ್ನು ನೀವೂ ಉಪಗುತ್ತಿಗೆದಾರರೂ ಒಟ್ಟಿಗೆ ಕುಳಿತು ಬರೆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕೆಲಸ ನಡುವೆ ಬೆಳೆಯುವುದಕ್ಕೂ ಒಂದು ದಾರಿ ಇರಲಿ. ಹೆಚ್ಚುವರಿ ಕೆಲಸವನ್ನು ಆರಂಭಿಸುವ ಮೊದಲು ಅದರ ವಿವರ, ದರ, ಹೆಚ್ಚುವರಿ ದಿನಗಳು ಮೂರನ್ನೂ ಬರೆದು ಇಬ್ಬರೂ ಒಪ್ಪಬೇಕು ಎಂಬ ಒಂದೇ ಷರತ್ತು ಸಾಕು. ಫೋನಿನ ಸಂದೇಶವೂ ಇದಕ್ಕೆ ನಡೆಯುತ್ತದೆ ಎಂದು ಒಪ್ಪಂದದಲ್ಲೇ ಹೇಳಿದರೆ ಅದನ್ನು ಜನ ನಿಜವಾಗಿ ಪಾಲಿಸುತ್ತಾರೆ.

ನೌಕರರಿಗೆ ಇದೇ ಕೆಲಸವನ್ನು ಮಾಡುವುದು ನೇಮಕಾತಿ ಪತ್ರ. ಹುದ್ದೆ, ಕೆಲಸದ ಜಾಗ, ವೇಳೆ, ಸಂಬಳದ ಭಾಗಗಳು, ಪಾವತಿಯ ದಿನ, ರಜೆ, ಪರೀಕ್ಷಾರ್ಥ ಅವಧಿ, ನೋಟಿಸ್ ಅವಧಿ ಇಷ್ಟೂ ಅದರಲ್ಲಿ ಇರಬೇಕು. ಬ್ರಿಟನ್ನಿನಲ್ಲಿ 2020ರ ಏಪ್ರಿಲ್‌ನಿಂದ ಕೆಲಸದ ಮೊದಲ ದಿನವೇ ಈ ವಿವರಗಳನ್ನು ಲಿಖಿತವಾಗಿ ಕೊಡಬೇಕು. ಐರೋಪ್ಯ ಒಕ್ಕೂಟದ 2019ರ ನಿರ್ದೇಶನ ಮುಖ್ಯ ವಿವರಗಳಿಗೆ ಏಳು ದಿನಗಳ ಗಡುವು ಹಾಕಿದೆ. ಭಾರತದ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯೂ ನೇಮಕಾತಿ ಪತ್ರವನ್ನು ಮಾಲೀಕರ ಕರ್ತವ್ಯಗಳಲ್ಲಿ ಒಂದಾಗಿ ಸೇರಿಸಿದೆ. 'ಮಾಲೀಕರು ಹೇಳುವ ಇತರ ಕೆಲಸಗಳು' ಎಂಬ ಸಾಲು ಬೇಕೇಬೇಕು ಎನಿಸಿದರೆ, ಹುದ್ದೆಗೆ ಹೊಂದುವ ಕೆಲಸಗಳು ಎಂದು ಅದಕ್ಕೆ ಮಿತಿ ಹಾಕಿ. ಮಿತಿಯಿಲ್ಲದ ಅಂಥ ಸಾಲು ನೌಕರರಿಗೂ ಸರಿಯಲ್ಲ, ವ್ಯಾಜ್ಯದಲ್ಲಿ ನಿಮ್ಮ ನೆರವಿಗೂ ಬರುವುದಿಲ್ಲ.

ಮೂರನೇ ಹೆಜ್ಜೆ: ಹಣ ಯಾವಾಗ ಸಲ್ಲಬೇಕು ಎಂಬುದನ್ನು ಘಟನೆಗೆ ಕಟ್ಟಿಹಾಕಿ

ಮೊತ್ತವನ್ನು ಎಲ್ಲರೂ ಬರೆಯುತ್ತಾರೆ. ಆ ಹಣ ಯಾವ ದಿನ ಸಲ್ಲಬೇಕು ಎಂಬುದನ್ನು ಬರೆಯುವವರು ಕಡಿಮೆ. 'ಕೆಲಸ ತೃಪ್ತಿಕರವಾಗಿ ಮುಗಿದ ಮೇಲೆ' ಎಂಬ ಮಾತಿಗೆ ತಾರೀಖಿಲ್ಲ. ತೃಪ್ತಿ ಯಾರದು ಎಂಬುದೂ ಇಲ್ಲ. ಮುಂಗಡ ಎಷ್ಟು, ಯಾವ ಹಂತ ಮುಗಿದಾಗ ಎಷ್ಟನೇ ಕಂತು, ಹಂತ ಮುಗಿಯಿತು ಎಂದು ಯಾರು ಎಷ್ಟು ದಿನಗಳಲ್ಲಿ ಪರಿಶೀಲಿಸಿ ಹೇಳಬೇಕು, ಹೇಳದಿದ್ದರೆ ಒಪ್ಪಿದಂತೆ ಎಂದೇ ಎಣಿಸಬೇಕೇ ಎಂಬುದನ್ನು ಬಿಡಿಸಿ ಬರೆಯಿರಿ. ದೋಷ ಸರಿಪಡಿಸುವ ಭರವಸೆಗೆಂದು ಕೊನೆಯ ಕಂತಿನ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುವುದಾದರೆ, ಅದನ್ನು ಬಿಡುಗಡೆ ಮಾಡುವ ದಿನವನ್ನೂ ಅಲ್ಲಿಯೇ ಸೇರಿಸಿ.

'ನನಗೆ ಗ್ರಾಹಕರು ಕೊಟ್ಟ ಮೇಲೆ ನಿಮಗೆ ಕೊಡುತ್ತೇನೆ' ಎಂಬ ಷರತ್ತು ಸಣ್ಣ ಉದ್ಯಮಿಗಳಿಗೆ ಬಹಳ ಆಕರ್ಷಕವಾಗಿ ಕಾಣುತ್ತದೆ. ಅದನ್ನು ಎಚ್ಚರಿಕೆಯಿಂದ ಬಳಸಬೇಕು. ಬ್ರಿಟನ್ನಿನ 1996ರ ಕಾಯ್ದೆಯೊಂದು ನಿರ್ಮಾಣ ಗುತ್ತಿಗೆಗಳಲ್ಲಿ ಇಂಥ ಷರತ್ತನ್ನು, ಹಣ ಕೊಡಬೇಕಾದ ಆ ಗ್ರಾಹಕರು ದಿವಾಳಿಯಾದ ಸಂದರ್ಭದ ಹೊರತು, ಊರ್ಜಿತವಲ್ಲ ಎನ್ನುತ್ತದೆ. ಭಾರತದಲ್ಲಿ ನಿಮ್ಮ ಉಪಗುತ್ತಿಗೆದಾರರು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡಿದ್ದರೆ, 2006ರ ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಸರಕು ಅಥವಾ ಸೇವೆಯನ್ನು ಸ್ವೀಕರಿಸಿದ ದಿನದಿಂದ 45 ದಿನಗಳಿಗಿಂತ ಹೆಚ್ಚು ಕಾಲ ಅವರ ಹಣವನ್ನು ತಡೆಯುವಂತಿಲ್ಲ. ತಡೆದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿಯಾಗಿ ಬೆಳೆಯುತ್ತದೆ. ನೀವೂ ಅಂಥ ಉದ್ಯಮವಾಗಿ ನೋಂದಾಯಿಸಿಕೊಂಡಿದ್ದರೆ ಇದೇ ಕಾಯ್ದೆ ನಿಮ್ಮ ಗ್ರಾಹಕರಿಂದ ನಿಮಗೆ ಬರಬೇಕಾದ ಹಣವನ್ನೂ ಕಾಯುತ್ತದೆ. ಉಪಗುತ್ತಿಗೆದಾರರಿಗೆ ಗಡುವು ಹಾಕುವ ಮೊದಲು, ನಿಮ್ಮ ಗ್ರಾಹಕರ ಒಪ್ಪಂದದಲ್ಲಿರುವ ಗಡುವನ್ನು ಪಕ್ಕದಲ್ಲಿಟ್ಟು ನೋಡಿ; ಇವೆರಡರ ನಡುವೆ ಎಷ್ಟು ದಿನ ನಿಮ್ಮ ಕೈಯಿಂದ ಹಣ ಹಾಕಬೇಕಾಗುತ್ತದೆ ಎಂಬುದು ಕೆಲಸ ಒಪ್ಪಿಕೊಳ್ಳುವ ಮುನ್ನವೇ ತಿಳಿಯುತ್ತದೆ.

ನಾಲ್ಕನೇ ಹೆಜ್ಜೆ: ತಯಾರಾದದ್ದು ಯಾರ ಸೊತ್ತು ಎಂದು ಬರೆಯಿರಿ

ಹೆಚ್ಚಿನ ಉದ್ಯಮಿಗಳು ಎಡವುವುದು ಇಲ್ಲಿ, ಅದಕ್ಕೇ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. 'ನಾನು ದುಡ್ಡು ಕೊಟ್ಟಿದ್ದೇನೆ, ಆದ್ದರಿಂದ ಅದು ನನ್ನದು' ಎಂಬ ನಂಬಿಕೆ ಸಹಜವಾದದ್ದು. ಕೃತಿಸ್ವಾಮ್ಯದ, ಅಂದರೆ ಕಾಪಿರೈಟಿನ, ಕಾನೂನು ಹಾಗೆ ನೋಡುವುದಿಲ್ಲ.

1985ರಲ್ಲಿ ವಾಷಿಂಗ್ಟನ್ ನಗರದಲ್ಲಿ ಮನೆಯಿಲ್ಲದವರ ಪರವಾಗಿ ದುಡಿಯುತ್ತಿದ್ದ ಸಂಘಟನೆಯೊಂದು, ಬಿಸಿಗಾಳಿ ಬರುವ ಕಬ್ಬಿಣದ ಜಾಲರಿಯ ಮೇಲೆ ಚಳಿಯಲ್ಲಿ ಮುದುಡಿ ಕುಳಿತ ನಿರ್ಗತಿಕ ಕುಟುಂಬದ ಶಿಲ್ಪವೊಂದನ್ನು ಮಾಡಿಕೊಡುವಂತೆ ಬಾಲ್ಟಿಮೋರಿನ ಶಿಲ್ಪಿ ಜೇಮ್ಸ್ ಅರ್ಲ್ ರೀಡ್ ಅವರನ್ನು ಕೇಳಿತು. ಕಲ್ಪನೆ ಸಂಘಟನೆಯದು, ಪೀಠವನ್ನು ಮಾಡಿಸಿದ್ದೂ ಸಂಘಟನೆಯೇ. ರೀಡ್ ತಮ್ಮ ದುಡಿಮೆಗೆ ಹಣ ಕೇಳಲಿಲ್ಲ. ಸಾಮಗ್ರಿ ಮತ್ತು ಸಹಾಯಕರ ಖರ್ಚಿಗೆಂದು 15,000 ಡಾಲರ್ ಗೊತ್ತಾಯಿತು. ಡಿಸೆಂಬರ್ 24ರಂದು ಶಿಲ್ಪ ಬಂದು ತಲುಪಿತು. ಕೆಲವು ತಿಂಗಳ ಬಳಿಕ ಅದನ್ನು ಬೇರೆ ನಗರಗಳಿಗೆ ಕೊಂಡೊಯ್ಯಬೇಕೆಂದು ಸಂಘಟನೆ ಹೊರಟಾಗ, ಅದನ್ನು ಮಾಡಿದ ವಸ್ತು ಪ್ರಯಾಣವನ್ನು ತಾಳಲಾರದು ಎಂದು ಶಿಲ್ಪಿ ತಡೆದರು. ಆಗ ಎರಡೂ ಕಡೆಯವರು ಕೃತಿಸ್ವಾಮ್ಯ ತಮ್ಮದೆಂದು ಬೇರೆ ಬೇರೆಯಾಗಿ ನೋಂದಣಿಗೆ ಅರ್ಜಿ ಹಾಕಿದರು. ಅಲ್ಲಿಯವರೆಗೆ ಕೃತಿಸ್ವಾಮ್ಯದ ಮಾತನ್ನು ಇಬ್ಬರೂ ಒಮ್ಮೆಯೂ ಎತ್ತಿರಲಿಲ್ಲ. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1989ರಲ್ಲಿ ತೀರ್ಪು ಬಂತು. ರೀಡ್ ಪಳಗಿದ ಕಸುಬುದಾರರು, ಉಪಕರಣವೂ ಕೆಲಸದ ಜಾಗವೂ ಅವರದೇ, ಅವರನ್ನು ತೊಡಗಿಸಿಕೊಂಡದ್ದು ಎರಡು ತಿಂಗಳಿಗೂ ಕಡಿಮೆ, ಸಹಾಯಕರನ್ನು ನೇಮಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿತ್ತು. ಆದ್ದರಿಂದ ಅವರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು, ನೌಕರರ ಕೃತಿ ಮಾಲೀಕರದು ಎಂಬ ನಿಯಮ ಅವರಿಗೆ ಅನ್ವಯಿಸುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಮೊದಲ ಹೆಜ್ಜೆಯಲ್ಲಿ ಕೇಳಿದ ಪ್ರಶ್ನೆಗಳೇ ಇಲ್ಲಿ ಸೊತ್ತಿನ ಪ್ರಶ್ನೆಯನ್ನೂ ತೀರ್ಮಾನಿಸಿದ್ದನ್ನು ಗಮನಿಸಿ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಮೂಲ ನಿಯಮ ಹೀಗೆಯೇ ಇದೆ. ನೌಕರರು ಉದ್ಯೋಗದ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರೇ ಮೊದಲ ಒಡೆಯರು. ಹೊರಗಿನವರು ಬರೆದುಕೊಟ್ಟ ತಂತ್ರಾಂಶ, ಬರಹ, ವಿನ್ಯಾಸಗಳಿಗೆ ಹಾಗಿಲ್ಲ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದಂಥ ಕೆಲವಕ್ಕೆ ಮಾತ್ರ ವಿನಾಯಿತಿ ಉಂಟು. ಉಳಿದವಕ್ಕೆ ಸಹಿ ಹಾಕಿದ ಲಿಖಿತ ವರ್ಗಾವಣೆ ಬೇಕು. ಆ ವರ್ಗಾವಣೆಯಲ್ಲೂ ಮೂರು ಹಳ್ಳಗಳಿವೆ. ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಸೀಮಿತ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಅದು ಅವಧಿ ಮುಗಿದಂತೆ ಬಿದ್ದುಹೋಗುತ್ತದೆ. ಐದು ವರ್ಷಗಳ ಹಿಂದೆ ಹೊರಗಿನವರಿಂದ ಬರೆಸಿದ ತಂತ್ರಾಂಶದ ಮೇಲೆ ವ್ಯವಹಾರ ಕಟ್ಟಿದವರು ಆ ಹಳೆಯ ಒಪ್ಪಂದವನ್ನು ಇಂದೇ ತೆಗೆದು ಓದುವುದು ಒಳ್ಳೆಯದು.

ಕ್ರಿಯಾಪದದ ರೂಪವೂ ಇಲ್ಲಿ ಮುಖ್ಯವಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ತಮ್ಮ ಆವಿಷ್ಕಾರಗಳ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ 'ವರ್ಗಾಯಿಸಲು ಒಪ್ಪುತ್ತೇನೆ' ಎಂದು ಸಹಿ ಹಾಕಿದ್ದರು. ಆಮೇಲೆ ಒಂದು ತಂತ್ರವನ್ನು ಕಲಿಯಲು ಖಾಸಗಿ ಕಂಪನಿಗೆ ಹೋದಾಗ ಅಲ್ಲಿನ ಕಾಗದದಲ್ಲಿ 'ಈ ಮೂಲಕ ವರ್ಗಾಯಿಸುತ್ತೇನೆ' ಎಂದಿತ್ತು. ಮೊದಲನೆಯದು ಮುಂದೆ ಮಾಡುವೆನೆಂಬ ಭರವಸೆ, ಎರಡನೆಯದು ಆಗಿಯೇ ಹೋದ ವರ್ಗಾವಣೆ ಎಂದು ಮೇಲ್ಮನವಿ ನ್ಯಾಯಾಲಯ ಎಣಿಸಿತು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪೂ ವಿಶ್ವವಿದ್ಯಾಲಯದ ವಿರುದ್ಧವೇ ಬಂತು. ಕನ್ನಡದಲ್ಲಿ ನೀವು ಬರೆಯಬಹುದಾದ ಸಾಲು ಹೀಗಿರಬಹುದು: 'ಈ ಕೆಲಸದ ಅಡಿಯಲ್ಲಿ ನಾನು ರಚಿಸುವ ಎಲ್ಲ ಕೃತಿ, ವಿನ್ಯಾಸ, ತಂತ್ರಾಂಶ ಮತ್ತು ಆವಿಷ್ಕಾರಗಳ ಸಂಪೂರ್ಣ ಹಕ್ಕನ್ನು, ಆ ಹಕ್ಕಿನ ಪೂರ್ಣ ಅವಧಿಗೆ, ಜಗತ್ತಿನ ಎಲ್ಲ ಪ್ರದೇಶಗಳಿಗೆ, ಈ ಮೂಲಕ ಸಂಸ್ಥೆಗೆ ವರ್ಗಾಯಿಸುತ್ತೇನೆ, ಬಳಸದೆ ಇದ್ದ ಕಾರಣಕ್ಕೆ ಈ ವರ್ಗಾವಣೆ ರದ್ದಾಗುವುದಿಲ್ಲ.' ಉಪಗುತ್ತಿಗೆದಾರರು ಮೊದಲೇ ಮಾಡಿಟ್ಟುಕೊಂಡಿದ್ದ, ಎಲ್ಲ ಗ್ರಾಹಕರಿಗೂ ಬಳಸುವ ಸಲಕರಣೆ ಅವರಲ್ಲೇ ಉಳಿಯುತ್ತದೆ, ನಿಮಗೆ ಬಳಸುವ ಅನುಮತಿ ಮಾತ್ರ ಸಿಗುತ್ತದೆ ಎಂಬುದನ್ನೂ ಸೇರಿಸಿ. ಅವರ ಕಸುಬನ್ನೇ ಕಿತ್ತುಕೊಳ್ಳುವ ಒಪ್ಪಂದಕ್ಕೆ ಒಳ್ಳೆಯ ಕೆಲಸಗಾರರು ಸಹಿ ಹಾಕುವುದಿಲ್ಲ.

ಐದನೇ ಹೆಜ್ಜೆ: ಗುಟ್ಟು ಯಾವುದೆಂದು ಹೆಸರಿಸಿ, ಮತ್ತು ಅದನ್ನು ಗುಟ್ಟಾಗಿಯೇ ಇಡಿ

ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಸೊತ್ತಿನ ಒಪ್ಪಂದದ 39ನೇ ವಿಧಿ ಗೋಪ್ಯ ಮಾಹಿತಿಗೆ ಮೂರು ಲಕ್ಷಣಗಳನ್ನು ಹೇಳುತ್ತದೆ: ಅದು ಆ ವಲಯದವರಿಗೆ ಸುಲಭವಾಗಿ ತಿಳಿದದ್ದಾಗಿರಬಾರದು, ಗುಟ್ಟಾಗಿರುವ ಕಾರಣಕ್ಕೇ ಅದಕ್ಕೆ ವಾಣಿಜ್ಯ ಬೆಲೆ ಇರಬೇಕು, ಅದನ್ನು ಗುಟ್ಟಾಗಿಡಲು ಒಡೆಯರು ತಕ್ಕ ಕ್ರಮ ಕೈಗೊಂಡಿರಬೇಕು. ಸಣ್ಣ ಉದ್ಯಮಗಳು ಸೋಲುವುದು ಮೂರನೆಯದರಲ್ಲಿ. ಗ್ರಾಹಕರ ಪಟ್ಟಿ ಎಲ್ಲರ ಫೋನಿನಲ್ಲೂ ಇದ್ದು, ದರಪಟ್ಟಿಯ ಕಡತಕ್ಕೆ ಪಾಸ್‌ವರ್ಡೇ ಇಲ್ಲದಿದ್ದರೆ, ಗೋಪ್ಯತೆಯ ಷರತ್ತು ಎಷ್ಟು ಕಠಿಣವಾಗಿದ್ದರೂ ಪ್ರಯೋಜನವಿಲ್ಲ. 'ಎಲ್ಲ ಮಾಹಿತಿಯೂ ಗೋಪ್ಯ' ಎಂದು ಬರೆಯುವ ಬದಲು ಗ್ರಾಹಕರ ಪಟ್ಟಿ, ಖರೀದಿ ದರ, ತಯಾರಿಕೆಯ ವಿಧಾನ, ಇನ್ನೂ ಪ್ರಕಟವಾಗದ ಯೋಜನೆ ಎಂದು ಬಿಡಿಸಿ ಹೆಸರಿಸಿ. ನೌಕರರು ಮೊದಲೇ ಬಲ್ಲ ವಿದ್ಯೆ ಮತ್ತು ಸಾರ್ವಜನಿಕವಾದ ಮಾಹಿತಿಯನ್ನು ಹೊರಗಿಡಿ. ಗ್ರಾಹಕರ ವೈಯಕ್ತಿಕ ವಿವರಗಳು ಉಪಗುತ್ತಿಗೆದಾರರ ಕೈಗೆ ಹೋಗುವುದಾದರೆ ಲಿಖಿತ ಒಪ್ಪಂದ ಕಾನೂನಿನ ಕಡ್ಡಾಯವೂ ಆಗಬಹುದು: ಯುರೋಪಿನ ದತ್ತಾಂಶ ನಿಯಮದ 28ನೇ ವಿಧಿಯೂ ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಂದದ ಮೇಲೆಯೇ ದತ್ತಾಂಶದ ಕೆಲಸವನ್ನು ಹೊರಗೆ ಒಪ್ಪಿಸಬೇಕು ಎನ್ನುತ್ತವೆ.

ಆರನೇ ಹೆಜ್ಜೆ: ಬಿಟ್ಟುಹೋದವರನ್ನು ಕಟ್ಟಿಹಾಕುವ ಷರತ್ತಿನ ಮೇಲೆ ಭರವಸೆ ಇಡಬೇಡಿ

'ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ವ್ಯವಹಾರ ಮಾಡಬಾರದು' ಎಂಬ ಸಾಲು ನಮೂನೆಗಳಲ್ಲೆಲ್ಲ ಸಿಗುತ್ತದೆ. ಭಾರತದ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್, ವ್ಯವಹಾರದ ಸದ್ಭಾವವನ್ನು ಅಂದರೆ ಗುಡ್‌ವಿಲ್ ಅನ್ನು ಮಾರಿದ ಸಂದರ್ಭದ ಹೊರತು, ಒಬ್ಬರ ಕಸುಬನ್ನು ತಡೆಯುವ ಕರಾರನ್ನು ಅಷ್ಟರಮಟ್ಟಿಗೆ ಶೂನ್ಯವೆನ್ನುತ್ತದೆ. ಕ್ಯಾಲಿಫೋರ್ನಿಯಾ ಕೂಡ ಅದೇ 1872ರಿಂದ ಇಂಥದೇ ನಿಯಮವನ್ನು ಹಿಡಿದುಕೊಂಡು ಬಂದಿದೆ. ನೌಕರಿಯಲ್ಲಿ ಇರುವಾಗಿನ ನಿರ್ಬಂಧದ ಮಾತೇ ಬೇರೆ. ಒಪ್ಪಂದದ ಅವಧಿಯೊಳಗೆ ಪ್ರತಿಸ್ಪರ್ಧಿಯ ಬಳಿ ದುಡಿಯಬಾರದು ಎಂಬುದನ್ನು ಭಾರತದ ಸುಪ್ರೀಂ ಕೋರ್ಟ್ 1967ರಲ್ಲೇ ಎತ್ತಿಹಿಡಿದಿದೆ. ಇಂಗ್ಲೆಂಡಿನಲ್ಲಿ ನಂತರದ ನಿರ್ಬಂಧವೂ ನ್ಯಾಯಸಮ್ಮತ ಹಿತವನ್ನು ಕಾಯುವಷ್ಟಕ್ಕೆ ಮಿತವಾಗಿದ್ದರೆ ನಿಲ್ಲಬಹುದು.

ನನ್ನ ಅಭಿಪ್ರಾಯದಲ್ಲಿ ಸಣ್ಣ ಉದ್ಯಮಕ್ಕೆ ಈ ಅಗಲವಾದ ನಿರ್ಬಂಧ ಬೇಕಾಗಿಯೇ ಇಲ್ಲ. ನಿಮ್ಮ ಗೋಪ್ಯ ಮಾಹಿತಿಯನ್ನು ಬಳಸಬಾರದು, ತಾವು ಸ್ವತಃ ವ್ಯವಹರಿಸಿದ ನಿಮ್ಮ ಗ್ರಾಹಕರನ್ನು ಇಂತಿಷ್ಟು ತಿಂಗಳು ಸೆಳೆಯಬಾರದು ಎಂಬ ಕಿರಿದಾದ ಷರತ್ತುಗಳು ನಿಜವಾದ ನಷ್ಟಕ್ಕೆ ಹತ್ತಿರವಾಗಿವೆ, ಒಬ್ಬರ ಅನ್ನದ ದಾರಿಯನ್ನೂ ಮುಚ್ಚುವುದಿಲ್ಲ. ತರಬೇತಿಗೆ ಖರ್ಚು ಮಾಡಿ, ಇಷ್ಟು ಕಾಲ ದುಡಿಯಬೇಕೆಂದು ಬಾಂಡ್ ಬರೆಸಿಕೊಳ್ಳುವುದಾದರೆ ಮೊತ್ತ ಆ ಖರ್ಚಿಗೆ ಹೊಂದಿರಲಿ, ದುಡಿದ ತಿಂಗಳುಗಳಿಗೆ ತಕ್ಕಂತೆ ಇಳಿಯುತ್ತಾ ಹೋಗಲಿ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕಾಗದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಸಿಗುವುದು ಸಮಂಜಸವಾದ ಪರಿಹಾರ.

ಏಳನೇ ಹೆಜ್ಜೆ: ಉಪಗುತ್ತಿಗೆಯಲ್ಲಿ ಹೊಣೆ ಎಲ್ಲಿ ನಿಲ್ಲುತ್ತದೆ ಎಂದು ಗೆರೆ ಎಳೆಯಿರಿ

ಗ್ರಾಹಕರ ಮುಂದೆ ಇಡೀ ಕೆಲಸಕ್ಕೆ ಹೊಣೆಗಾರರು ನೀವೇ. ಅವರಿಗೆ ನೀವು ಕೊಟ್ಟ ಗುಣಮಟ್ಟ, ಗಡುವು, ಗೋಪ್ಯತೆ, ದೋಷ ಸರಿಪಡಿಸುವ ಅವಧಿಗಳ ಮಾತನ್ನು ಉಪಗುತ್ತಿಗೆದಾರರಿಂದಲೂ ಅಷ್ಟೇ ಬಿಗಿಯಾಗಿ ಪಡೆಯದಿದ್ದರೆ, ನಡುವಿನ ನಷ್ಟವೆಲ್ಲ ನಿಮ್ಮ ಮೇಲೆ ಬೀಳುತ್ತದೆ. ಮುಖ್ಯ ಒಪ್ಪಂದವನ್ನು ತೆರೆದು, ಒಂದೊಂದು ಷರತ್ತಿನ ಮುಂದೆ 'ಇದು ಉಪಗುತ್ತಿಗೆಯಲ್ಲಿ ಇದೆಯೇ' ಎಂದು ಗುರುತು ಹಾಕುತ್ತಾ ಹೋಗಿ. ಅರ್ಧ ದಿನದ ಕೆಲಸ.

ಅಪಘಾತದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಭಾರತದಲ್ಲಿ 1923ರ ಪರಿಹಾರ ಕಾಯ್ದೆಯ ಕಾಲದಿಂದಲೂ, ಗುತ್ತಿಗೆದಾರರ ಕೆಲಸಗಾರರು ನಿಮ್ಮ ವ್ಯವಹಾರದ ಕೆಲಸದಲ್ಲಿ ಗಾಯಗೊಂಡರೆ ಪರಿಹಾರವನ್ನು ನಿಮ್ಮಿಂದಲೇ ಕೇಳಬಹುದು, ನೀವು ಅದನ್ನು ಕೊಟ್ಟು ಆಮೇಲೆ ಗುತ್ತಿಗೆದಾರರಿಂದ ವಸೂಲು ಮಾಡಿಕೊಳ್ಳಬೇಕು ಎಂಬ ತತ್ವ ನಡೆದುಬಂದಿದೆ. ವಸೂಲಿನ ಹಕ್ಕು ಕಾಗದದಲ್ಲಿದ್ದರೂ ಅವರ ಬಳಿ ಹಣವಿಲ್ಲದಿದ್ದರೆ ಏನೂ ಸಿಗುವುದಿಲ್ಲ. ಆದ್ದರಿಂದ ಕೆಲಸ ಆರಂಭವಾಗುವ ಮೊದಲೇ ಅವರ ವಿಮಾ ಪತ್ರದ ಪ್ರತಿಯನ್ನು ಪಡೆಯಿರಿ, ಅದರಲ್ಲಿ ಈ ಬಗೆಯ ಕೆಲಸ ಸೇರಿದೆಯೇ, ಅವಧಿ ಕೆಲಸ ಮುಗಿಯುವವರೆಗೆ ಇದೆಯೇ ಎಂದು ಓದಿ. ಕೆಲಸಗಾರರಿಗೆ ಕೂಲಿ ಸಂದಿದೆ ಎಂಬ ದಾಖಲೆಯನ್ನು ಪ್ರತಿ ಕಂತಿನ ಮೊದಲು ತೋರಿಸಬೇಕೆಂದೂ, ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸಬಾರದೆಂದೂ ಸೇರಿಸಿ. ನಷ್ಟ ತುಂಬಿಕೊಡುವ ಷರತ್ತಿಗೆ ಮಿತಿ ಇರಲಿ: ತಮ್ಮ ತಪ್ಪಿನಿಂದ ಆದ ನಷ್ಟಕ್ಕೆ ಅವರು ಹೊಣೆ, ನಿಮ್ಮ ತಪ್ಪಿನದಕ್ಕೆ ನೀವು.

ಎಂಟನೇ ಹೆಜ್ಜೆ: ಬೇರ್ಪಡುವ ಕ್ರಮ ಮತ್ತು ತಕರಾರಿನ ದಾರಿ

ನೋಟಿಸ್ ಎಷ್ಟು ದಿನ, ಯಾವ ಗಂಭೀರ ತಪ್ಪಿಗೆ ನೋಟಿಸ್ ಇಲ್ಲದೆ ಮುಗಿಸಬಹುದು, ಅದಕ್ಕೂ ಮೊದಲು ವಿವರಣೆ ಕೇಳುವ ಕ್ರಮವೇನು, ಅರ್ಧ ಮುಗಿದ ಕೆಲಸದ ಲೆಕ್ಕ ಹೇಗೆ ಎಂಬುದನ್ನು ಸಂಬಂಧ ಚೆನ್ನಾಗಿರುವಾಗಲೇ ಬರೆಯಬೇಕು. ಹಿಂತಿರುಗಿಸಬೇಕಾದ ಕೀಲಿ, ಲ್ಯಾಪ್‌ಟಾಪ್, ಕಡತ, ಪಾಸ್‌ವರ್ಡ್‌ಗಳ ಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸಿ. ವೆಬ್‌ಸೈಟಿನ ಹೆಸರು, ಮಿಂಚಂಚೆ, ಸಾಮಾಜಿಕ ಜಾಲತಾಣದ ಖಾತೆಗಳು ಮೊದಲ ದಿನದಿಂದಲೇ ಸಂಸ್ಥೆಯ ಹೆಸರಿನಲ್ಲಿ ಇರಲಿ. ಬಿಟ್ಟುಹೋದವರ ಸ್ವಂತ ಫೋನ್ ಸಂಖ್ಯೆಗೆ ಜೋಡಿಸಿದ ಖಾತೆಯನ್ನು ಮರಳಿ ಪಡೆಯುವುದು ಬಹಳ ಕಷ್ಟ.

ತಕರಾರಿಗೆ ಮೊದಲು ಮಾತುಕತೆ, ಇಷ್ಟು ದಿನಗಳಲ್ಲಿ ಬಗೆಹರಿಯದಿದ್ದರೆ ನ್ಯಾಯಾಲಯದ ಬದಲು ತೀರ್ಪು ಕೊಡುವ ಮಧ್ಯಸ್ಥಗಾರರು ಅಥವಾ ನ್ಯಾಯಾಲಯ ಎಂಬ ಮೆಟ್ಟಿಲುಗಳು ಸಾಕು. ಯಾವ ದೇಶದ ಕಾನೂನು, ಯಾವ ಊರಿನ ನ್ಯಾಯಾಲಯ ಎಂಬುದನ್ನು ತಪ್ಪದೆ ಹೇಳಿ. ಮಧ್ಯಸ್ಥಗಾರರನ್ನು ನೀವೊಬ್ಬರೇ ನೇಮಿಸುವಂತೆ ಬರೆಯಬೇಡಿ. ವ್ಯಾಜ್ಯದಲ್ಲಿ ಆಸಕ್ತಿಯಿರುವವರು ತಾವೊಬ್ಬರೇ ಏಕೈಕ ಮಧ್ಯಸ್ಥಗಾರರನ್ನು ನೇಮಿಸುವಂತಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಒಂಬತ್ತನೇ ಹೆಜ್ಜೆ: ಕೆಲಸ ಶುರುವಾಗುವ ಮುನ್ನ ಸಹಿ

ಸಹಿ ಮೊದಲು, ಕೆಲಸ ಆಮೇಲೆ. ಈಗಾಗಲೇ ದುಡಿಯುತ್ತಿರುವವರಿಂದ ಹೊಸ ನಿರ್ಬಂಧಗಳಿಗೆ ಸಹಿ ಪಡೆಯುವುದಾದರೆ, ಸಂಬಳದ ಏರಿಕೆಯಂಥ ಹೊಸ ಪ್ರತಿಫಲವನ್ನೂ ಜೊತೆಗೆ ಕೊಡಿ. ಪ್ರತಿಫಲವಿಲ್ಲದ ಭರವಸೆಗೆ ಕರಾರಿನ ಬಲವಿಲ್ಲ ಎಂಬುದು ಇಂಗ್ಲಿಷ್ ಕಾನೂನಿನ ಪರಂಪರೆಯ ಮೂಲ ತತ್ವ. ಎದುರಿನ ಕಡೆ ಸಂಸ್ಥೆಯಾಗಿದ್ದರೆ, ಸಹಿ ಹಾಕುವವರಿಗೆ ಆ ಅಧಿಕಾರ ಇದೆಯೇ ಎಂದು ಕೇಳಿ. ಭಾರತದಲ್ಲಿ ಸ್ಟಾಂಪ್ ಶುಲ್ಕ ಕಟ್ಟದ ಒಪ್ಪಂದವನ್ನು, ಕೊರತೆಯನ್ನೂ ದಂಡವನ್ನೂ ತುಂಬುವವರೆಗೆ, ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ದೂರದವರ ಜೊತೆಗಿನ ಕೆಲಸಕ್ಕೆ ಎಲೆಕ್ಟ್ರಾನಿಕ್ ಸಹಿ ಅನುಕೂಲಕರ. ಭಾರತ ಮತ್ತು ಅಮೆರಿಕ ಎರಡೂ 2000ರಲ್ಲೇ ಅದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿವೆ.

ಸಹಿಗೆ ಮೊದಲು ಒಪ್ಪಂದವನ್ನು ಮನೆಗೆ ಕೊಂಡೊಯ್ದು ಓದಲು ಎರಡು ದಿನ ಕೊಡಿ, ಪ್ರತಿ ಪುಟಕ್ಕೂ ಇಬ್ಬರ ಸಹಿ ಇರಲಿ, ಒಂದು ಮೂಲ ಪ್ರತಿ ಅವರ ಕೈಯಲ್ಲೇ ಉಳಿಯಲಿ. ದುಡಿಯುವವರಿಗೆ ಕನ್ನಡ ಮಾತ್ರ ಬರುವುದಾದರೆ ಒಪ್ಪಂದವನ್ನು ಕನ್ನಡದಲ್ಲೇ ಬರೆಯಿರಿ. ಎರಡು ಭಾಷೆಗಳಲ್ಲಿ ಬರೆದರೆ, ಅರ್ಥದಲ್ಲಿ ವ್ಯತ್ಯಾಸ ಬಂದಾಗ ಯಾವ ಭಾಷೆಯ ಪಾಠವನ್ನು ಒಪ್ಪಬೇಕು ಎಂಬುದನ್ನೂ ಎರಡರಲ್ಲೂ ಬರೆಯಿರಿ. ಓದಲು ಬಾರದವರಿಗೆ ಮೂರನೆಯವರೊಬ್ಬರ ಎದುರು ಪೂರ್ತಿ ಓದಿ ಹೇಳಿ, ಓದಿ ಹೇಳಿದವರ ಹೆಸರನ್ನೂ ತಾರೀಖನ್ನೂ ಕೊನೆಯ ಪುಟದಲ್ಲಿ ನಮೂದಿಸಿ, ಅವರ ಸಹಿಯನ್ನೂ ಅಲ್ಲಿಯೇ ಹಾಕಿಸಿ.